ಹಿಮದ ಹದ

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ ಎಂದು ಯಾರಾದರೂ ಹೇಳಿದರೆ ವೈಟ್‌ಫೀಲ್ಡಿನವರು ಒಪ್ಪಲಾರರು. 2015ರ ಆಸುಪಾಸಿನಲ್ಲಿ ವರ್ತೂರು ಕೆರೆಯ ಕೋಡಿಯಲ್ಲಿ ಎದ್ದ ನೊರೆ ಗಾಳಿಗೆ ಹಾರಿ, ರಸ್ತೆಯ ಮೇಲೆ, ಸ್ಕೂಟರ್ ಸವಾರರ ಹೆಲ್ಮೆಟ್ಟಿನ ಮೇಲೆ, ಬಸ್ಸಿನ ಕಿಟಕಿಯ ಮೇಲೆ ಬಂದು ಕೂರುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಫೋಟೋದಲ್ಲಿ ನೋಡಿದರೆ ಕಾಶ್ಮೀರ. ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ. ಊರಿನ ಹೆಸರಿನಲ್ಲೇ ಬಿಳುಪಿದೆಯಲ್ಲ ಎನ್ನುವಿರೇನೋ. ಅದು ಬಣ್ಣದ ಮಾತಲ್ಲ. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಕೊಟ್ಟ 3,900 ಎಕರೆಯಲ್ಲಿ ಎದ್ದ ಊರಿಗೆ, ಆ ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರು ಬಂತು. ಇನ್ನು ನಾನು ದುಡಿಯುವ ಪೀಣ್ಯದಲ್ಲಿ ಬೆಳ್ಳಗೆ ಉದುರುವುದೆಂದರೆ ಪೌಡರ್ ಕೋಟಿಂಗ್ ಶೆಡ್ಡಿನ ಪುಡಿ ಮಾತ್ರ.

ಇಂಥ ಊರಿನವನೊಬ್ಬ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಲು ಹೋಗುತ್ತಾನೆಂದರೆ ನಗು ಬರುವುದು ಸಹಜ. ಅದೂ 55 ತುಂಬುವ ವರ್ಷದಲ್ಲಿ. ನಮ್ಮ ವರ್ಕ್‌ಶಾಪಿನ ಹುಡುಗರು ನನ್ನ ಮುಂದೆ ನಗಲಿಲ್ಲ, ಟೀ ಅಂಗಡಿಯಲ್ಲಿ ನಕ್ಕರು. ಶಿರಾ ಬಳಿಯ ಹಳ್ಳಿಯಲ್ಲಿರುವ ನಮ್ಮಮ್ಮ ಫೋನಿನಲ್ಲಿ, "ಜಾರೋದನ್ನ ಕಲಿಯಾಕೆ ದುಡ್ಡು ಕೊಡ್ತೀಯೇನಪ್ಪಾ? ಮಳೆಗಾಲದಾಗೆ ನಮ್ಮ ಹಿತ್ತಲಿಗೆ ಬಾ, ಪುಕ್ಕಟೆ ಕಲೀಬೋದು" ಎಂದಳು.

ಇದಕ್ಕೆಲ್ಲ ಕಾರಣ ನನ್ನ ಮಗಳು. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಾಡುಗೋಡಿಯ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಇನ್ನಿಬ್ಬರು ಗೆಳತಿಯರೊಂದಿಗೆ ಇದ್ದಾಳೆ. ವಿದೇಶದಿಂದ ಹಿಂದಿರುಗಿದ ಸಹೋದ್ಯೋಗಿಯೊಬ್ಬರಿಂದ ಹಳೆಯ ಸ್ಕೀ ಜೋಡಿಯನ್ನು ಕೊಂಡಿದ್ದಳು. ನಮ್ಮ ಊರಿನ ಎರಡು ಮಳೆಗಾಲ ಬಾಲ್ಕನಿಯಲ್ಲಿ ಕಳೆದ ಅವುಗಳ ಅಂಚಿಗೆ ತುಕ್ಕು ಹಿಡಿದಿತ್ತು. 2023ರ ನವೆಂಬರಿನ ಒಂದು ಭಾನುವಾರ, "ಅಪ್ಪ, ಇದನ್ನ ನೀವೇ ನೋಡ್ಬೇಕು" ಎಂದು ಮೆಟ್ರೋದಲ್ಲಿ ಹೊತ್ತು ತಂದಳು. ಕಾಡುಗೋಡಿಯಿಂದ ಮೆಜೆಸ್ಟಿಕ್ಕಿಗೆ ನೇರಳೆ ಬಣ್ಣದ ಗಾಡಿ, ಅಲ್ಲಿಂದ ಪೀಣ್ಯಕ್ಕೆ ಹಸಿರು. ತಪಾಸಣೆಯ ಗೇಟಿನಲ್ಲಿ ಕಾವಲಿನವನು ಚೀಲ ಬಿಚ್ಚಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಮಂಚದ ಪಟ್ಟಿಯೇನ್ರೀ ಮೇಡಂ?" ಎಂದು ಕೇಳಿ ಬಿಟ್ಟನಂತೆ.

ನಾನು ಅದನ್ನು ವೈಸ್‌ಗೆ ಹಾಕಿ ನೋಡಿದೆ. ಆಟದ ಸಾಮಾನು ಎಂದುಕೊಂಡಿದ್ದವನಿಗೆ ಅದರ ಮೇಲೆ ಗೌರವ ಹುಟ್ಟಿತು. ಎರಡೂ ಬದಿಯ ಅಂಚಿನಲ್ಲಿ ಗಟ್ಟಿ ಉಕ್ಕಿನ ತೆಳು ಪಟ್ಟಿ. ತಿರುಗುವಾಗ ಹಿಮವನ್ನು ಕಚ್ಚಿ ಹಿಡಿಯುವುದು ಅದೇ. ಆ ಅಂಚು ಬರೀ 90 ಡಿಗ್ರಿ ಇದ್ದರೆ ಸಾಲದು, ಬದಿಯಿಂದ ಒಂದೆರಡು ಡಿಗ್ರಿ ಕಡಿಮೆ ಮಾಡಿ ಅರ ಹಾಕಬೇಕು. ಅರ ಹಾಕುವುದೆಂದರೆ ಪೀಣ್ಯದವನಿಗೆ ಹೇಳಿಕೊಡಬೇಕೇ? ತಳಕ್ಕೆ ಹಾಕಿರುವುದು ಪಾಲಿಥಿಲೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್. ನಮ್ಮಲ್ಲಿ ಕನ್ವೇಯರಿನ ಹಾದಿಗೆ ಹಾಕುವ ಹಾಳೆಯ ದಾಯಾದಿ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. ಕನ್ನಡಿಯ ಹಾಗೆ ನುಣುಪು ಮಾಡಿದರೆ ಕೆಳಗಿನ ನೀರಿನ ಪೊರೆ ಹಿಡಿದುಕೊಂಡು ಸ್ಕೀ ಓಡುವುದೇ ಇಲ್ಲವಂತೆ. ತಳಕ್ಕೆ ಮೇಣವನ್ನು ಇಸ್ತ್ರಿಪೆಟ್ಟಿಗೆಯಿಂದ ಕರಗಿಸಿ ಕುಡಿಸಬೇಕು. ಹಿಮದ ತಂಪು ಬದಲಾದರೆ ಮೇಣವೂ ಬದಲಾಗಬೇಕು. ಮನೆಯ ಇಸ್ತ್ರಿಪೆಟ್ಟಿಗೆಯನ್ನು ಆ ಕೆಲಸಕ್ಕೆ ತೆಗೆದುಕೊಂಡ ಮೇಲೆ ನನ್ನ ಹೆಂಡತಿ ಹೊಸದೊಂದನ್ನು ಕೊಂಡಳು. ಲೆಕ್ಕ ನನ್ನ ಹೆಸರಿನಲ್ಲಿದೆ.

ಎಲ್ಲಕ್ಕಿಂತ ಹಿಡಿಸಿದ್ದು ಬೂಟನ್ನು ಸ್ಕೀಗೆ ಕಚ್ಚುವ ಬೈಂಡಿಂಗ್. ಮೆಷಿನ್ನಿನಲ್ಲಿ ನಾವು ಶಿಯರ್ ಪಿನ್ ಹಾಕುತ್ತೇವಲ್ಲ, ಭಾರ ಮಿತಿ ಮೀರಿದರೆ ಎರಡು ರೂಪಾಯಿನ ಪಿನ್ ಮುರಿದು ಎರಡು ಲಕ್ಷದ ಗೇರ್‌ಬಾಕ್ಸ್ ಉಳಿಯಲಿ ಎಂದು, ಅದೇ ತತ್ವ. ಬಿದ್ದಾಗ ಕಾಲು ತಿರುಚುವ ಮೊದಲೇ ಸ್ಪ್ರಿಂಗ್ ಬಿಟ್ಟುಕೊಟ್ಟು ಬೂಟು ಕಳಚಬೇಕು. ಎಷ್ಟಕ್ಕೆ ಬಿಡಬೇಕೆಂಬುದಕ್ಕೆ ಒಂದು ಕೋಷ್ಟಕವಿದೆ: ತೂಕ, ಎತ್ತರ, ಬೂಟಿನ ಉದ್ದ, ಎಷ್ಟು ಪಳಗಿದವನು ಎಂಬುದು. ಕೊನೆಯಲ್ಲಿ ವಯಸ್ಸು. 50 ದಾಟಿದವರಿಗೆ ಒಂದು ಮೆಟ್ಟಿಲು ಸಡಿಲ ಮಾಡಬೇಕು. ನನ್ನ ವಯಸ್ಸನ್ನು ಇಷ್ಟು ಮರ್ಯಾದೆಯಿಂದ ಗಮನಿಸಿದ ಕೋಷ್ಟಕವನ್ನು ನಾನು ಬೇರೆ ಕಂಡಿಲ್ಲ. ಆ ಸಂಜೆಯೇ "ನಾನೂ ಬರ್ತೀನಿ" ಎಂದೆ.

ಬಟ್ಟೆ ಕೊಳ್ಳಲು ಸರ್ಜಾಪುರ ರಸ್ತೆಯ ಡೆಕಾಥ್ಲಾನ್ ಅಂಗಡಿಗೆ ಹೋದೆವು. ಹೊರಗೆ ಬಿಸಿಲು, ಒಳಗೆ ನಾನು ದಪ್ಪ ಜಾಕೀಟು, ನೀರು ಇಳಿಯದ ಪ್ಯಾಂಟು, ಎರಡು ಪದರದ ಕೈಚೀಲ ಹಾಕಿಕೊಂಡು ಬೆವರುತ್ತ ಕನ್ನಡಿ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಒಂದು ಮಗು ಅಳತೊಡಗಿತು. ಅಂತೂ ತಯಾರಿ ಮುಗಿಯಿತು. ಹಿಮವೊಂದು ಬಾಕಿ.

2024ರ ಜನವರಿ ಎರಡನೆಯ ವಾರ ಹೊರಟೆವು. ಋಷಿಕೇಶದಿಂದ ಗಂಗೆಯ, ಮುಂದೆ ಅಲಕನಂದೆಯ ದಂಡೆ ಹಿಡಿದು ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಎಣಿಸುತ್ತ ಜೋಶಿಮಠಕ್ಕೆ ಇಡೀ ದಿನದ ದಾರಿ. ಶಂಕರರ ನಾಲ್ಕು ಪೀಠಗಳಲ್ಲಿ ನಮ್ಮ ಶೃಂಗೇರಿಯಂತೆಯೇ ಇದೂ ಒಂದು. ಅದೇ ವರ್ಷ ಜೂನಿನಲ್ಲಿ ಊರಿಗೆ ಜ್ಯೋತಿರ್ಮಠ ಎಂಬ ಹೆಸರನ್ನೇ ಅಧಿಕೃತವಾಗಿ ಇಟ್ಟರು. ಅಲ್ಲಿಂದ ಮೇಲೆ ಔಲಿ. ಹಿಂದೆ ಜೋಶಿಮಠದಿಂದ ಔಲಿಗೆ ಹಗ್ಗದ ಮೇಲೆ ತೂಗುವ ರೋಪ್‌ವೇ ಇತ್ತು. 2023ರ ಜನವರಿಯಲ್ಲಿ ಊರಿನ ನೆಲವೇ ಕುಸಿದು 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಿದರು. ನಾವು ಜೀಪಿನಲ್ಲಿ ಹತ್ತಿದೆವು. ದಾರಿಯಲ್ಲಿ ಗೋಡೆಗಳ ಮೇಲೆ ಕೆಂಪು ಬಣ್ಣದ ಅಡ್ಡ ಗುರುತು ಕಾಣುತ್ತಿತ್ತು: ಇರಲು ಯೋಗ್ಯವಲ್ಲದ ಮನೆ ಎಂದು.

ಔಲಿಯಲ್ಲಿ ಎಲ್ಲವೂ ಇತ್ತು. 7,816 ಮೀಟರಿನ ನಂದಾದೇವಿ ಎದುರಿಗೇ ಕುಳಿತಿದ್ದಳು. ಓಕ್ ಮರಗಳು, ಆಕಾಶ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳು ನಡೆದ ಇಳಿಜಾರು. ಆ ಇಳಿಜಾರಿನ ಮೇಲೆ ಮಾತ್ರ ಹಿಮವಿರಲಿಲ್ಲ. ಒಣ ಹುಲ್ಲು, ಆ ಹುಲ್ಲಿನ ಮೇಲೆ ಕುದುರೆ ಮೇಯುತ್ತಿತ್ತು. ಕೃತಕವಾಗಿ ಹಿಮ ಮಾಡುವ ಯಂತ್ರವೆಂಬುದೂ ಉಂಟು. ಅದರ ಮರ್ಮ ನನಗೆ ಕೂಡಲೇ ಅರ್ಥವಾಯಿತು: ಕಂಪ್ರೆಸರಿನ ಗಾಳಿಯಲ್ಲಿ ನೀರನ್ನು ಹೊಗೆಯಷ್ಟು ಸಣ್ಣದಾಗಿ ಒಡೆದು ಎಸೆಯುವುದು, ನೆಲಕ್ಕೆ ಬೀಳುವಷ್ಟರಲ್ಲಿ ಅದು ಹೆಪ್ಪುಗಟ್ಟುವುದು. ಆದರೆ ಅದಕ್ಕೂ ಸುತ್ತಲ ಗಾಳಿ ಸೊನ್ನೆಗಿಂತ ಕೆಳಗೆ ಇರಬೇಕು. ಹಿಮ ಮಾಡಲೂ ಚಳಿಯ ಅನುಮತಿ ಬೇಕು.

ನಮ್ಮ ತರಬೇತುದಾರರು ಜೋಶಿಮಠದವರು, ನನ್ನ ವಯಸ್ಸಿನ ಸುಮಾರಿನವರು. ಹಿಮವಿಲ್ಲವೆಂದು ಪಾಠ ಬಿಡಲಿಲ್ಲ. ಪ್ಲಾಸ್ಟಿಕ್ ಚಿಪ್ಪಿನಂಥ ಆ ಬೂಟಿನಲ್ಲಿ ಹುಲ್ಲಿನ ಮೇಲೆ ನಡೆಸಿದರು, ಮೊಣಕಾಲು ಬಗ್ಗಿಸಿ ನಿಲ್ಲಿಸಿದರು, ಬೀಳುವುದನ್ನು ಕಲಿಸಿದರು: ಮುಂದಕ್ಕೆ ಅಲ್ಲ, ಹಿಂದಕ್ಕೂ ಅಲ್ಲ, ಪಕ್ಕಕ್ಕೆ. ದಿನಕ್ಕೆ ಎರಡು ಹೊತ್ತು ಮುಗಿದ ಮೇಲೆ ಅವರು ಪಶ್ಚಿಮದ ಕಡೆ ಮುಖ ಮಾಡಿ, ಕಣ್ಣಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದರು.

ಆ ನಿಲುವು ನನಗೆ ಗೊತ್ತು. ನಮ್ಮಪ್ಪ ಹಾಗೇ ನಿಲ್ಲುತ್ತಿದ್ದರು, ಕಣದ ಬದುವಿನ ಮೇಲೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಿದ್ದರು, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಿದ್ದರು. 1987ರಲ್ಲಿ ಭರಣಿಯೂ ಬರಲಿಲ್ಲ, ರೋಹಿಣಿಯೂ ಬರಲಿಲ್ಲ. ಬಿತ್ತಿದ ಕಡಲೆಕಾಯಿ ಮಣ್ಣಿನಲ್ಲೇ ಹುರಿದಂತಾಯಿತು. ಆ ವರ್ಷವೇ ನಾನು ತುಮಕೂರು ರಸ್ತೆಯ ಬಸ್ಸು ಹತ್ತಿ ಪೀಣ್ಯದಲ್ಲಿ ಇಳಿದದ್ದು. ಆಗ ನನ್ನೊಡನೆ ಲೇತ್ ಮುಂದೆ ನಿಂತ ಹುಡುಗರಲ್ಲಿ ಮುಕ್ಕಾಲು ಪಾಲು ಶಿರಾ, ಮಧುಗಿರಿ, ಪಾವಗಡದವರು. ಪೀಣ್ಯ ಬೆಳೆದದ್ದು ಕರೆಂಟಿನಿಂದ, ಬ್ಯಾಂಕ್ ಸಾಲದಿಂದ ಎಂದು ಬರೆಯುತ್ತಾರೆ. ಬಾರದ ಮಳೆಗೂ ಅದರಲ್ಲಿ ಪಾಲಿದೆ.

ತರಬೇತುದಾರರ ಮಾತಿನಿಂದ ತಿಳಿದದ್ದಿಷ್ಟು. ನಮ್ಮ ಮಳೆ ಅರಬ್ಬೀ ಸಮುದ್ರದಿಂದ ಬಂದರೆ ಅವರ ಹಿಮ ಮೆಡಿಟರೇನಿಯನ್ ಕಡೆಯಿಂದ, ಇರಾನ್ ಆಫ್ಘಾನಿಸ್ತಾನಗಳನ್ನು ದಾಟಿ ಬರುವ ಮಾರುತದ ಅಲೆಗಳಲ್ಲಿ ಬರುತ್ತದೆ. ಆ ಸಲ ಡಿಸೆಂಬರ್ ಪೂರ್ತಿ, ಜನವರಿಯ ಬಹುಪಾಲು ಬಲವಾದ ಅಲೆ ಬರಲಿಲ್ಲ. ಹಿಮ ಬಿದ್ದರೆ ಅವರಿಗೆ ಸ್ಕೀ ಕಲಿಯಲು ಜನ ಬರುತ್ತಾರೆ ಎಂಬುದಷ್ಟೇ ಅಲ್ಲ. ಸೇಬಿನ ಮರಕ್ಕೆ ಚಳಿಯ ನಿದ್ದೆ ಬೇಕು, ಇಲ್ಲದಿದ್ದರೆ ಹೂವು ಸರಿಯಾಗಿ ಕಟ್ಟುವುದಿಲ್ಲ. ಹೊಲದ ಮೇಲೆ ಕುಳಿತ ಹಿಮ ಮೆಲ್ಲಗೆ ಕರಗಿ ಮಣ್ಣಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಕುಡಿಯುವ ಒರತೆಗೆ ಅದೇ ಬಂಡವಾಳ. ಮಳೆ ಬಂದು ಹರಿದು ಹೋಗುವುದಕ್ಕೂ ಹಿಮ ಕುಳಿತು ಇಳಿಯುವುದಕ್ಕೂ ವ್ಯತ್ಯಾಸವಿದೆ. ನಮ್ಮ ಕಡೆ ಹದಮಳೆ ಎನ್ನುತ್ತೇವಲ್ಲ, ಅದನ್ನು ಅವರಿಗೆ ನನ್ನ ಪೀಣ್ಯದ ಹಿಂದಿಯಲ್ಲಿ ವಿವರಿಸಿದೆ. "ಹಾಂ ಭಾಯಿಸಾಬ್, ವಹೀ!" ಎಂದು ನನ್ನ ಭುಜ ತಟ್ಟಿದರು.

ನಾವು ಹೊರಡುವ ಹಿಂದಿನ ಸಂಜೆ ಅವರು ಒಂದು ಮಾತು ಕೇಳಿದರು. ಮಗ ಐ.ಟಿ.ಐ. ಮುಗಿಸಿದ್ದಾನೆ, ಫಿಟ್ಟರ್. ತನಗಿಂತ ಚೆನ್ನಾಗಿ ಸ್ಕೀ ಮಾಡುತ್ತಾನೆ. ಮನೆಯ ಒಂದು ಗೋಡೆ ಬಿರುಕು ಬಿಟ್ಟಿದೆ, ಇಲ್ಲಿ ಎರಡು ತಿಂಗಳ ಹಿಮವನ್ನು ನಂಬಿ ಅವನನ್ನು ನಿಲ್ಲಿಸಿಕೊಳ್ಳುವುದು ಹೇಗೆ? ನಿಮ್ಮ ಪೀಣ್ಯದಲ್ಲಿ ಕೆಲಸ ಸಿಕ್ಕೀತೇ?

ನಾನು ಸಂಬಳ, ಓವರ್‌ಟೈಮ್, ದಾಸರಹಳ್ಳಿಯಲ್ಲಿ ಒಂದು ಕೋಣೆಗೆ ಇರುವ ಬಾಡಿಗೆ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಮ್ಮೆ ಬಂದವರು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ ಎಂಬುದನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಗಳು ನನ್ನ ಕಡೆ ನೋಡಿದಳು. ಅವಳು ಹುಟ್ಟಿದ್ದು ಪೀಣ್ಯದ ಬಾಡಿಗೆ ಮನೆಯಲ್ಲಿ. ಅವಳಜ್ಜ ಬದುವಿನ ಮೇಲೆ ನಿಲ್ಲುತ್ತಿದ್ದುದನ್ನು ಕಂಡವಳಲ್ಲ.

ಹಿಮ ಬಂದದ್ದು ಜನವರಿಯ ಕೊನೆಗೆ. ಅಷ್ಟರಲ್ಲಿ ನಮ್ಮ ರಜೆ ಮುಗಿದು ಇಬ್ಬರೂ ಬೆಂಗಳೂರಿನಲ್ಲಿದ್ದೆವು. ಮಗಳು ಸೋಲೊಪ್ಪುವವಳಲ್ಲ; ಫೆಬ್ರವರಿ ಮೂರನೆಯ ವಾರ ಗುಲ್ಮಾರ್ಗಿಗೆ ಟಿಕೆಟ್ ತೆಗೆದಳು.

ಕಾಶ್ಮೀರದವರಿಗೂ ನಮ್ಮ ಮಳೆ ನಕ್ಷತ್ರದ ಹಾಗೆ ಚಳಿಗೆ ಲೆಕ್ಕವಿದೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲಾಯಿ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ 20 ದಿನ ಚಿಲ್ಲಾಯಿ ಖುರ್ದ್. ಕೊನೆಗೆ 10 ದಿನ ಚಿಲ್ಲಾಯಿ ಬಚ್ಚಾ, ಮರಿ ಚಳಿ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಉಳಿಯುತ್ತದೆ, ಬೇಸಿಗೆಯವರೆಗೆ ತೊರೆಗೆ ನೀರು ಕೊಡುತ್ತದೆ. ತಡವಾಗಿ ಬಿದ್ದದ್ದು ಬೇಗ ಹರಿದು ಹೋಗುತ್ತದೆ. ಆ ವರ್ಷ ದೊಡ್ಡ ಚಳಿ ಮುಗಿಯುವ ಹೊತ್ತಿಗೆ ಮೊದಲ ಒಳ್ಳೆಯ ಹಿಮ ಬಿತ್ತು. "ಈಗ ಬಿದ್ದದ್ದು ನಿಮಗೆ, ಆಗ ಬೀಳಬೇಕಾಗಿದ್ದದ್ದು ನಮಗೆ" ಎಂದು ನಮ್ಮ ಸ್ಲೆಡ್ಜ್ ಎಳೆಯುವಾತ ಹೇಳಿದ.

ನಾನು ಅಂತೂ ಜಾರಿದೆ. ಬಾಡಿಗೆಯ ಸ್ಕೀ, ಸಡಿಲ ಮಾಡಿದ ಸ್ಪ್ರಿಂಗು, ಮಕ್ಕಳು ಕಲಿಯುವ ಇಳಿಜಾರು. ಮೊದಲ ದಿನದ ಹಿಮ ಹೊಸದಾಗಿ ಬೀಸಿದ ರಾಗಿಹಿಟ್ಟಿನ ಹಾಗೆ, ಬಿದ್ದರೂ ನೋವಿಲ್ಲ, ಏಳುವುದೇ ಕಷ್ಟ. ಮಧ್ಯಾಹ್ನದ ಬಿಸಿಲಿಗೆ ಅದೇ ದೋಸೆ ಹಿಟ್ಟಾಗಿ ಕಾಲೆಳೆಯುತ್ತದೆ. ಮರುದಿನ ಬೆಳಿಗ್ಗೆ ಮೇಲೆ ಹಪ್ಪಳದಂಥ ಪದರ. ಕಾಲಿಟ್ಟರೆ ಪಟಪಟ ಒಡೆಯುತ್ತದೆ. ಒಂದೇ ಇಳಿಜಾರು, ಮೂರು ಹೊತ್ತಿಗೆ ಮೂರು ನೆಲ. ಕನ್ನಡದಲ್ಲಿ ಮಂಜು ಎಂಬ ಒಂದೇ ಮಾತು ಮುಂಜಾವಿನ ಮಂಜಿಗೂ ಹಿಮಾಲಯದ ಮಂಜಿಗೂ ದುಡಿಯುತ್ತದೆ. ಮಳೆಗಾದರೆ ತುಂತುರು, ಸೋನೆ, ಜಡಿ, ಹದ ಎಂದು ಎಷ್ಟೊಂದು ಹೆಸರು! ಯಾವುದನ್ನು ನಂಬಿ ಬದುಕಿದೆವೋ ಅದಕ್ಕೇ ಹೆಸರಿಡುತ್ತೇವೆ. ಹದಿನೇಳನೆಯ ಸಲ ಬಿದ್ದೆದ್ದ ಮೇಲೆ ಸುಮಾರು ಐವತ್ತು ಮಾರು ದೂರ ಬೀಳದೆ ಹೋದೆ. ಸದ್ದಿಲ್ಲ, ಗುದ್ದಿಲ್ಲ; ಎಣ್ಣೆ ಹಾಕಿದ ಹೊಸ ಬೇರಿಂಗಿನ ಮೇಲೆ ಶಾಫ್ಟ್ ತಿರುಗಿದ ಹಾಗೆ. 37 ವರ್ಷ ಗದ್ದಲದಲ್ಲಿ ಕೆಲಸ ಮಾಡಿದವನಿಗೆ ಆ ನಿಶ್ಶಬ್ದವೇ ದೊಡ್ಡದೆನಿಸಿತು.

ಆಗ ಅಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ನಡೆಯುತ್ತಿದ್ದವು, ಫೆಬ್ರವರಿ 21ರಿಂದ 25ರವರೆಗೆ. ಪದಕಗಳ ಪಟ್ಟಿಯಲ್ಲಿ ಸೇನೆಯ ತಂಡ ಮೊದಲು, ನಮ್ಮ ಕರ್ನಾಟಕ ಎರಡನೆಯದು ಎಂದರೆ ನಂಬುತ್ತೀರಾ? ಹಿಮವೇ ಬೀಳದ ನಾಡು ಹಿಮದ ಆಟದಲ್ಲಿ ಎರಡನೆಯದು! ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರಂಥವರು ಚಕ್ರದ ಸ್ಕೀ ಕಟ್ಟಿಕೊಂಡು ಡಾಂಬರಿನ ಮೇಲೆ ಅಭ್ಯಾಸ ಮಾಡಿ ಹಿಮಕ್ಕೆ ಬರುತ್ತಾರೆ. 2025ರಲ್ಲಿ ಚಿಲಿಯ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆಕೆ ಕಂಚು ಗೆದ್ದ ಸುದ್ದಿ ಓದಿದಾಗ ನನಗೆ ಸ್ವಂತ ಮನೆಯ ಸುದ್ದಿ ಅನ್ನಿಸಿತು.

ಆದರೆ ಅದೇ 22ನೇ ತಾರೀಖು ಮೇಲಿನ ಅಫರ್ವತ್ ಶಿಖರದ ಕಡೆ ಹಿಮ ಕುಸಿದು ರಷ್ಯಾದ ಸ್ಕೀಗಾರನೊಬ್ಬ ತೀರಿಕೊಂಡ. ಒಣಗಿದ ಚಳಿಯಲ್ಲಿ ಕೆಳಗಿನ ಪದರ ಸಕ್ಕರೆಯಂತೆ ಸಡಿಲವಾಗಿರುತ್ತದೆ. ಅದರ ಮೇಲೆ ಒಮ್ಮೆಲೇ ಭಾರಿ ಹಿಮ ಕುಳಿತರೆ ಹಿಡಿಯುವುದಿಲ್ಲ ಎಂದು ಅಲ್ಲಿನವರು ವಿವರಿಸಿದರು. ಬರದ ನಂತರ ಸುರಿಯುವ ಮಳೆ ನಮ್ಮ ಹೊಲದ ಮೇಲ್ಮಣ್ಣನ್ನೇ ಹೊತ್ತೊಯ್ಯುತ್ತದಲ್ಲ, ಹಾಗೆ. ತಡವಾಗಿ ಬಂದದ್ದು ಬಾಕಿಯನ್ನೆಲ್ಲ ಒಂದೇ ದಿನ ತೀರಿಸಲು ನೋಡುತ್ತದೆ.

ಮಾರ್ಚಿನಲ್ಲಿ ಮಗಳ ಮನೆಗೆ ಹೋದೆ. ಬಾಗಿಲಲ್ಲಿ ಸಾಲು ಬಕೆಟ್ಟು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ್ದರು. ನಮ್ಮ ಶಿರಾವೂ ಅದರಲ್ಲಿತ್ತು. ಈಗ ಅದರ ಬಿಸಿ ವೈಟ್‌ಫೀಲ್ಡಿಗೆ ತಟ್ಟಿತ್ತು. ನಗರದ ಸರ್ಕಾರಿ ಕೊಳವೆಬಾವಿಗಳು ಸುಮಾರು 13,900. ಅವುಗಳಲ್ಲಿ 6,900 ಒಣಗಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಟ್ಯಾಂಕರಿಗಾಗಿ ಇಂಜಿನಿಯರುಗಳು ಫೋನ್ ಹಿಡಿದು ಬೀದಿ ನೋಡುತ್ತ ನಿಂತಿದ್ದರು. ಮಗಳ ಹಿಮದ ಪ್ಯಾಂಟು, ಜಾಕೀಟು ತೊಳೆಯಲು ನೀರಿಲ್ಲದೆ ಬಾಲ್ಕನಿಯಲ್ಲಿ ನೇತಾಡುತ್ತಿದ್ದವು. ಅಮ್ಮ ಫೋನಿನಲ್ಲಿ ಕೇಳಿದಳು: "ಹಿಮ ನೋಡ್ಕಂಡು ಬಂದ್ಯಲ್ಲ, ಒಂದು ಕೊಡ ತರ್ಬಾರ್ದಾಗಿತ್ತಾ?"

ಮಗಳು ಆ ಸಂಜೆ ಬಾಲ್ಕನಿಯಲ್ಲಿ ನಿಂತು ಮೋಡ ನೋಡಿದಳು. ಸ್ಕೀ ಮಾಡುವವರು ಹಿಮವಿಲ್ಲದಿದ್ದರೆ ಮನೆಗೆ ಬರಬಹುದು. ಟಿಕೆಟ್ಟಿನ ದುಡ್ಡು ಹೋಗುತ್ತದೆ, ಅಷ್ಟೆ. ಅಲ್ಲೇ ಇರುವವರು ಎಲ್ಲಿಗೆ ಹೋಗಬೇಕು ಎಂಬುದನ್ನು ಅವಳಿಗೆ ನಾನು ಹೇಳಬೇಕಾಗಲಿಲ್ಲ. "ಅಪ್ಪ, ಔಲಿಯವರು ಫೋನ್ ಮಾಡಿದ್ರಾ?" ಎಂದು ಅವಳೇ ಕೇಳಿದಳು.

ಮಾಡಿದ್ದರು. ಜೂನಿನಲ್ಲಿ ಹುಡುಗ ಬಂದ. ಈಗ ನಮ್ಮಲ್ಲೇ ಮಿಲ್ಲಿಂಗ್ ಮೆಷಿನ್ ನೋಡಿಕೊಳ್ಳುತ್ತಾನೆ. ಅಂಚಿಗೆ ಅರ ಹಾಕುವುದರಲ್ಲಿ ಅವನ ಕೈ ನನ್ನದಕ್ಕಿಂತ ಹಗುರ; ಸ್ಕೀ ಮೇಲೆ ಪಳಗಿದ ಕೈ. ಮುದ್ದೆ ಅಭ್ಯಾಸವಾಗಿದೆ, ನುಂಗುವುದನ್ನು ಮಾತ್ರ ಇನ್ನೂ ಕಲಿತಿಲ್ಲ, ಅಗಿಯುತ್ತಾನೆ.

ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಅವನಪ್ಪ ಫೋನ್ ಮಾಡಿ, ಔಲಿಯಲ್ಲಿ ಚೆನ್ನಾಗಿ ಬಿದ್ದಿದೆ, ಕಲಿಯುವವರು ಬಂದಿದ್ದಾರೆ, ಒಬ್ಬನ ಕೈಲಿ ಆಗುವುದಿಲ್ಲ ಎಂದರಂತೆ. ಹುಡುಗ ಮೂರು ವಾರ ರಜೆ ಕೇಳಿದ. ನಮ್ಮ ರಜೆ ಪುಸ್ತಕದಲ್ಲಿ ಕಾರಣ ಬರೆಯಲು ಒಂದು ಅಂಕಣವಿದೆ. ಹಿಂದೆ ನಮ್ಮ ಕಾಲದಲ್ಲಿ ಜೂನ್ ಜುಲೈ ಪುಟಗಳ ತುಂಬ 'ಬಿತ್ತನೆ' ಎಂದೂ ವರ್ಷದ ಕೊನೆಯ ಪುಟಗಳಲ್ಲಿ 'ಒಕ್ಕಣೆ' ಎಂದೂ ಇರುತ್ತಿತ್ತು. ಬರಬರುತ್ತ ಹೊಲ ಮಾರಿದವರು ಹೆಚ್ಚಾಗಿ ಆ ಮಾತುಗಳು ನಿಂತು, ಮದುವೆ, ಜ್ವರ, ಸ್ವಂತ ಕೆಲಸ ಎಂಬುವು ಉಳಿದಿವೆ. ಹುಡುಗ ಹಿಂದಿಯಲ್ಲಿ ಒಂದೇ ಪದ ಬರೆದಿದ್ದ: ಬರ್ಫ್.

ಯಜಮಾನರು ಕನ್ನಡಕ ಏರಿಸಿ, "ಏನಪ್ಪಾ ಇದು, ಹಿಮಕ್ಕೂ ರಜೆನಾ?" ಎಂದರು.

"ಬಿತ್ತನೆ ಇದ್ದಂಗೆ ಸಾರ್" ಎಂದೆ.

ಅವರ ತಂದೆಯ ಊರು ಮಧುಗಿರಿ. ಮುಂದೆ ಏನೂ ಕೇಳದೆ ರುಜು ಹಾಕಿದರು.